ಬ್ಯಾರನ್ನಿನ ಕಲ್ಲು

ಪೂಜೆಗೆಂದು ಅರಿಶಿನದ ಬಟ್ಟಲಿಗೆ ಬೆರಳದ್ದಿದ್ದ ಚೆಲುವರಾಜು, ಹೊಸ ಬಾಗಿಲುವಾಡದ ಕಲ್ಲನ್ನು ಗುರುತಿಸಿದೊಡನೆ ಕೈ ಹಿಂದೆಗೆದನು. ಅವನ ತಮ್ಮನ ಹೆಂಡತಿ ದೇವೀರಮ್ಮ ಬೆಟ್ಟದಪುರದ ತನ್ನ ಮನೆಯ ತಲೆಬಾಗಿಲಿಗೆ ನಿಲ್ಲಿಸಿದ್ದುದು, ಹೊಗೆಸೊಪ್ಪು ಬೇಯಿಸುತ್ತಿದ್ದ ಹಳೆಯ ಗೂಡು, ಬ್ಯಾರನ್ನಿನ ಕಲ್ಲುಕಂಬಗಳನ್ನು.

“ಓಗಿ ಓಗಿ ಬ್ಯಾರನ್ ಕಲ್ಲಾ? ಲಕ್ಷ್ಮಿ ಬರೋ ಬಾಗ್ಲು ಕಣಮ್ಮ ಇದು! ನಾನು ಉಣ್ಸೂರಿಂದ ತಂದ ಪಾಲಿಶ್ ಮರ ಏನ್ ಪಾಪ ಮಾಡಿತ್ತು?”

ದೇವೀರಮ್ಮ ಗೋಡೆಗೊರಗಿದ್ದ ಆ ಮರದ ಚೌಕಟ್ಟಿಗೆ ಕುಡುಗೋಲಿನ ಮೊನೆಯನ್ನು ಒತ್ತಿದಳು. ಹೊಳಪಿನ ಬಣ್ಣವನ್ನು ಸೀಳಿದ ಮೊನೆ ಬೆಂದ ಗೆಣಸಿಗೆ ಇಳಿದಂತೆ ಇಳಿಯಿತು. ಬಳಿಕ ಮೇಸ್ತ್ರಿ ಸಣ್ಣಯ್ಯನ ಕೈಯಿಂದ ಸುತ್ತಿಗೆಯನ್ನು ಪಡೆದು ಕಲ್ಲಿಗೆ ಬಡಿದಳು. ಒಂದೆಳೆ ಬಿರುಕೂ ಇಲ್ಲದ ಆ ಶಿಲೆ ದೇಗುಲದ ಜಾಗಟೆಯಂತೆ ನಾದಗೈದಿತು. ಸಣ್ಣಯ್ಯನು ತನಗರಿವಿಲ್ಲದೆಯೇ ತಲೆದೂಗಿದನು.

“ಎಲ್ಡು ಸಲ ನೀವೇಳಿದ ಮರ ಇಟ್ವಿ ಬಾವ, ಎಲ್ಡು ಸಲಾನೂ ಗೆದ್ಲು ತಿಂತು. ಮೂರ್ನೇ ಸಲ ಗೋಡೆ ಒಡ್ಸಕೆ ನನ್ ಕೈಲಾಗಕಿಲ್ಲ. ಇದ್ಕೆ ಟ್ರ್ಯಾಕ್ಟರ್ ಬಾಡಿಗೆ ಬುಟ್ರೆ ಬ್ಯಾರೆ ಖರ್ಚಿಲ್ಲ. ಮೂವತ್ತು ವರ್ಸ ಬೆಂಕಿ ಪಕ್ಕ ನಿಂತು ನಮ್ಗೆ ಅನ್ನ ಕೊಟ್ಟದೆ. ಲಕ್ಷ್ಮಿ ಈ ಕಲ್ಲು ದಾಟ್ಕೊಂಡೇ ಬಂದಿದ್ದು ಕಣ್ರೀ.”

“ಅಂಗಾದ್ರೆ ಈ ಬಾಗ್ಲಲ್ಲಿ ನಾನಂತೂ ಕಾಲಿಡಕಿಲ್ಲ!”

ಮನೆಯ ಹಿರಿಯನೇ ಮೊದಲು ಅರಿಶಿನ ಹಚ್ಚಬೇಕೆಂಬುದು ಆ ವಂಶದ ಸಂಪ್ರದಾಯ. ದೇವೀರಮ್ಮ ಅವನ ಕೈಯಿಂದ ಬಟ್ಟಲನ್ನು ಮೆಲ್ಲನೆ ಬಿಡಿಸಿಕೊಂಡಳು. ಕಣ್ಮುಚ್ಚಿ ಕುಲದೈವವನ್ನು ನೆನೆದು, ಐದು ಬೆರಳುಗಳನ್ನೂ ಕಲ್ಲಿನ ಮೇಲೆ ಉದ್ದಕ್ಕೆ ಎಳೆದಳು.

“ಇಂದ್ಗಡೆ ಇತ್ಲು ಬಾಗ್ಲು ತೆಗ್ದದೆ ಬಾವ,” ಎಂದಳು. “ಊಟಕ್ಕೆ ಅಂಗೇ ಬನ್ನಿ.”