ಒಂದು ಹೆಸರು ಜಾಸ್ತಿ

"ಅಮ್ಮಾ, ಇದ್ರಲ್ಲಿ ಒಂದ್ ಹೆಸ್ರು ಜಾಸ್ತಿ ಐತೆ. ಹೊಡ್ದಾಕ್ಲಾ?" ತಾಲ್ಲೂಕು ಕಚೇರಿಯ ಗುಮಾಸ್ತ ಪೆನ್ನು ಎತ್ತಿಕೊಂಡ.

ತೀರಿಹೋದ ಗಂಡನ ಜಮೀನಿನ ಖಾತೆ ಬದಲಾಯಿಸಲು ಪಂಕಜಾಕ್ಷಮ್ಮ ಅಜ್ಜಂಪುರಕ್ಕೆ ಬಂದದ್ದು ಇದು ನಾಲ್ಕನೇ ಸಲ. ಕಾಲುಗಳು ಸೋತಿದ್ದವು. ಹೊಡೆದರೆ ಹೊಡೆಯಲಿ, ಕೆಲಸ ಮುಗಿದರೆ ಸಾಕು ಎನಿಸಿತು. ಶಿರಸ್ತೇದಾರರಾಗಿ ನಿವೃತ್ತರಾಗಿದ್ದ ಗಂಡ ಷಡಕ್ಷರಪ್ಪ, ಮುಂದೆ ಬೇಕಾಗುತ್ತದೆಂದು ತಮ್ಮ ವಂಶವೃಕ್ಷವನ್ನು ತಾವೇ ಬರೆದಿಟ್ಟಿದ್ದರು. ಅದನ್ನು ಬಿಡಿಸಿಯೂ ನೋಡದೆ ತಂದುಕೊಟ್ಟಿದ್ದರು ಈಕೆ.

ಈಗ ಕನ್ನಡಕ ಏರಿಸಿ ನೋಡಿದರು. ಅದೇ ದುಂಡನೆಯ ಅಕ್ಷರ. ಮಗ ಸಿದ್ದಲಿಂಗೇಶ, ಮಗಳು ಸುಮನಾ. ಅವರಿಬ್ಬರಿಗಿಂತ ಮೇಲೆ: "ಗಿರಿಜಾ, ಒಂಬತ್ತು ದಿನ, ಮೃತ."

ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದ ಕೂಸು. ಮಣ್ಣು ಮಾಡಿದ ಮರುದಿನವೇ ಷಡಕ್ಷರಪ್ಪ ಬುತ್ತಿ ಹಿಡಿದು ಕಚೇರಿಗೆ ಹೋಗಿದ್ದರು. ಆಮೇಲೆ ಅದರ ಮಾತನ್ನೇ ಎತ್ತಲಿಲ್ಲ. ಎಂಥ ಕಲ್ಲು ಮನುಷ್ಯನಪ್ಪ ಎಂದು ಪಂಕಜಾಕ್ಷಮ್ಮ ನಲವತ್ತೆಂಟು ವರ್ಷ ಒಳಗೊಳಗೇ ಬೈದುಕೊಂಡಿದ್ದರು. ಆ ಕೂಸಿಗೊಂದು ಹೆಸರಿತ್ತೆಂದು ಅವರಿಗೇ ಗೊತ್ತಿರಲಿಲ್ಲ.

ಗುಮಾಸ್ತನ ಪೆನ್ನು ಹಾಳೆಯ ಮೇಲೆ ಬಂದಿತ್ತು. ಅವರು ಹೆಸರಿನ ಮೇಲೆ ಅಂಗೈ ಇಟ್ಟರು.

"ಹೊಡೀಬೇಡ ಕಣಪ್ಪ. ಗಿರಿಜಾ ನಮ್ಮ ದೊಡ್ಡ ಮಗಳು."