ಬೆಳಗಿನ ತೊಂಬತ್ತಾರು

ಸಂಜೆ ತಾನು ನೋಡಿದರೆ ತೊಂಬತ್ತೆಂಟೂವರೆ, ಬೆಳಿಗ್ಗೆ ಗಂಡ ನೋಡಿದರೆ ತೊಂಬತ್ತಾರು. ಒಂದು ವಾರದಿಂದ ಇದೇ ಕಥೆ. ಲಾಂಡ್ರಿಯ ಮುಂಜಾನೆ ಪಾಳಿ ಮುಗಿಸಿ ಬಂದವಳು ಮಗಳ ಜ್ವರ ಬರೆಯುವ ಪುಸ್ತಕವನ್ನು ಗಂಡನ ಮುಂದೆ ಕುಕ್ಕಿದಳು.

“ರೀ, ನಿಜವಾಗ್ಲೂ ನೋಡಿ ಬರೀತೀರಾ, ಇಲ್ಲಾ ಕಾಫಿ ಕುಡೀತಾ ಅಂದಾಜಲ್ಲಿ ಗೀಚ್ತೀರಾ?”

“ಥರ್ಮಾಮೀಟರ್ ಬಾಯಲ್ಲಿಟ್ಟು, ಅದು ಕೀ ಅನ್ನೋವರೆಗೂ ಪಕ್ಕದಲ್ಲೇ ನಿಂತಿರ್ತೀನಿ ಕಣೆ. ಜ್ವರ ಇಲ್ಲ ಅಂದ್ರೂ ನಿಂಗೆ ಅನುಮಾನ.”

ಅನುಮಾನ ಪಡದೆ ಇನ್ನೇನು ಮಾಡಿಯಾಳು? ಏಳು ವರ್ಷದ ಮಗಳ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳು ಹುಟ್ಟಿನಿಂದಲೇ ಬೆರಳೆಣಿಕೆಯಷ್ಟು. ಜ್ವರ ನೂರು ದಾಟಿದರೆ ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು, ತಡವಾದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹೀಗಾಗಿ ಇವಳಿಗೆ ಎಲ್ಲರ ಮೇಲೂ ಕಣ್ಣು: ಮೂಗು ಒರೆಸಿಕೊಳ್ಳುವ ನೆಂಟರ ಮೇಲೆ, ಕೈ ತೊಳೆದೆ ಎನ್ನುವ ಗಂಡನ ಮೇಲೆ, ಥರ್ಮಾಮೀಟರ್ ಕೊಟ್ಟ ಔಷಧಿ ಅಂಗಡಿಯವನ ಮೇಲೂ. ಎರಡು ಸಲ ಅದನ್ನು ಬದಲಾಯಿಸಿಕೊಟ್ಟಿದ್ದ ಆ ಬಡಪಾಯಿ ಈಗ ಇವಳನ್ನು ಕಂಡರೆ ಗೋದಾಮಿನೊಳಗೆ ಹೋಗಿಬಿಡುತ್ತಾನೆ.

ಮರುದಿನ ಪಾಳಿಗೆ ಹೊರಟವಳಂತೆ ನಟಿಸಿ, ಗಂಡನ ಕಳ್ಳಾಟ ಹಿಡಿಯಲು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಬಂದದ್ದು ಗಂಡನಲ್ಲ, ಮಗಳು. ಸದ್ದಿಲ್ಲದೆ ಫ್ರಿಜ್ ತೆಗೆದು, ಬಾಯಿ ತುಂಬ ತಣ್ಣೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ ಬೆರಳಲ್ಲಿ ಎಣಿಸತೊಡಗಿದಳು. ಹೊರಗಿನಿಂದ ಅಪ್ಪ ಕೂಗಿದ ಮೇಲೆಯೇ ನುಂಗಿದಳು.

ಅಮ್ಮ ಹೊರಬಂದು ಹಣೆ ಮುಟ್ಟಿದಳು. ಕೆಂಡದಂತೆ ಸುಡುತ್ತಿತ್ತು. ಥರ್ಮಾಮೀಟರ್ ಕಂಕುಳಲ್ಲಿಟ್ಟು ನೋಡಿದರೆ ನೂರಾ ಎರಡು. ಸದ್ದು ಕೇಳಿ ಬಂದ ಗಂಡ ಬೂಟು ಹಾಕಿಕೊಳ್ಳಲು ಓಡಿದ.

“ಯಾಕೆ ಹೀಗ್ಮಾಡ್ದೆ ಪುಟ್ಟಿ?”

“ಜ್ವರ ಬಂದ್ರೆ ಆಸ್ಪತ್ರೆಗೆ ಹಾಕ್ತಾರೆ. ಅದಕ್ಕೇ ಜ್ವರ ಇಲ್ದಿದ್ರೂ ದಿನಾ ಬೆಳಿಗ್ಗೆ ಮಾಡ್ತಿದ್ದೆ. ಶುಕ್ರವಾರ ನಮ್ ಸ್ಕೂಲ್ ನಾಟಕ. ನಾನೇ ರಾಣಿ.”

“ಇಂಥಾ ಸುಳ್ಳು ಯಾರು ಕಲಿಸಿದ್ರು? ಅಪ್ಪನಾ?”

“ನಾನೆಲ್ಲಿ ಸುಳ್ಳು ಹೇಳ್ದೆ? ನೀರು ಬಾಯಲ್ಲಿಟ್ಕೊಂಡೆ ಅಷ್ಟೆ. ಚಿಕ್ಕಮ್ಮನ ಮದುವೆ ದಿನ ಡಾಕ್ಟ್ರು ಫೋನ್ ಮಾಡಿದಾಗ, ನೂರಾ ಒಂದಿದ್ರೂ ತೊಂಬತ್ತೆಂಟು ಅಂದಿದ್ದು ನೀನು.”

ಅಮ್ಮ ಮಗಳನ್ನು ಎತ್ತಿಕೊಂಡು ಬಾಗಿಲಿಗೆ ನಡೆದಳು. ಬೂಟು ಹಾಕಿ ಬಂದ ಗಂಡ ಅವಳ ತೋಳಿನಿಂದ ಮಗಳನ್ನು ತೆಗೆದುಕೊಂಡ.

“ಆಸ್ಪತ್ರೇಲಿ ನಾನು ಮಾತಾಡ್ತೀನಿ,” ಎಂದ. “ನೀನು ಸುಮ್ನಿರು.”