ಕೊಂಡಪ್ಪನ ಹಸು, ರತ್ನಮ್ಮನ ಕೊಟ್ಟಿಗೆ

ಬೆಳಿಗ್ಗೆ ಐದೂಮುಕ್ಕಾಲಿಗೆ ಆವತಿಯ ಮುನಿರತ್ನಮ್ಮನ ಕೊಟ್ಟಿಗೆಯಲ್ಲಿ ಕೊಂಡಪ್ಪನ ಸೀಮೆಹಸು ಹೆಣ್ಣುಗರು ಹಾಕಿತು. ಹಾಕಿತು ಎನ್ನುವುದಕ್ಕಿಂತ ಎಳೆದು ತೆಗೆದರು ಎನ್ನಬೇಕು. ಕರುವಿನ ಒಂದು ಮುಂಗಾಲು ಒಳಗೇ ಮಡಚಿಕೊಂಡಿತ್ತು. ಪಶುವೈದ್ಯರಿಗೆ ಹಚ್ಚಿದ ಫೋನು ಬಡಿದುಕೊಂಡೇ ನಿಂತಿತು. ಮುನಿರತ್ನಮ್ಮ ಕೈ ಹಾಕಿ ಕಾಲು ಸರಿ ಮಾಡಿದಳು. ಮಗಳು ಯಶಸ್ವಿನಿ ಗೋದಲಿಗೆ ಪಾದ ಒತ್ತಿ ಹಿಡಿದೆಳೆದಳು. ನೆಲಕ್ಕೆ ಬಿದ್ದ ಕರು ಉಸಿರಾಡಲಿಲ್ಲ. ಬಾಯಿಯ ಲೋಳೆ ತೆಗೆದು, ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿದ್ದೇ, ಅದು ಸೀನಿತು.

"ಸೀನ್ತಮ್ಮಾ! ಸೀನ್ತು!" ಯಶಸ್ವಿನಿ ಸಗಣಿಯಲ್ಲೇ ಕುಣಿದಳು. ಹತ್ತು ಗಂಟೆಗೆ ದೇವನಹಳ್ಳಿಯ ಕಾಲೇಜಿನಲ್ಲಿ ಅವಳಿಗೆ ಬಿ.ಕಾಂ. ಬಿಸಿನೆಸ್ ಲಾ ಪರೀಕ್ಷೆ. ಆ ಗಳಿಗೆಯಲ್ಲಿ ಅದು ಇಬ್ಬರಿಗೂ ಮರೆತೇಹೋಗಿತ್ತು. ಇದ್ದೊಂದು ಹಸು ಚರ್ಮಗಂಟು ರೋಗಕ್ಕೆ ಹೋದ ಮೇಲೆ ಆ ಕೊಟ್ಟಿಗೆಯಲ್ಲಿ ತಮ್ಮದು ಎನ್ನುವ ಒಂದು ಬಾಲವೂ ಅಲ್ಲಾಡಿರಲಿಲ್ಲ. "ಮತ್ತೆ ಕೊಟ್ಟಿಗೆ ತುಂಬ್ತು ಕಣೇ," ಎಂದು ಮುನಿರತ್ನಮ್ಮ ಸೆರಗಿನಲ್ಲೇ ಕರುವಿನ ಮೈ ಒರೆಸಿದಳು.

ಬಿಸಿಲು ಏರುವ ಮುಂಚೆಯೇ ಕೊಂಡಪ್ಪ ಸ್ಕೂಟರಿನಲ್ಲಿ ಬಂದ. ತನ್ನ ಹಳೇ ಕೊಟ್ಟಿಗೆ ಕೆಡವಿ ಹೊಸದು ಕಟ್ಟಿಸುವ ತನಕ ಅವನು ಗಬ್ಬದ ಹಸುವನ್ನು ಇಲ್ಲಿ ಬಿಟ್ಟಿದ್ದ.

"ಹೆಣ್ಣು ತಾನೆ? ಹೆಣ್ಣೇ ತಾನೆ? ಅದೃಷ್ಟ ಅಂದ್ರೆ ಇದು ರತ್ನಮ್ಮ! ಸಾಯಂಕಾಲ ಟೆಂಪೋ ತಂದು ಎರಡನ್ನೂ ಸಾಗಿಸ್ಬಿಡ್ತೀನಿ."

"ಎರಡನ್ನೂ? ಹಸು ಹೊಡ್ಕೊಂಡು ಹೋಗಣ್ಣ, ಬ್ಯಾಡ ಅಂದೋರ್ಯಾರು. ಕರು ನಮ್ದು. ಪಾಲಿಗೆ ಬಿಟ್ಟ ಹಸೂದು ಮೊದಲ ಕರು ಸಾಕಿದೋರ್ದು ತಾನೆ?"

"ಪಾಲಿಗೆ ಯಾರು ಬಿಟ್ರು? ನೋಡ್ಕೊಳಮ್ಮ ಅಂತ ಬಿಟ್ಟೆ."

"ಓಹೋ! ತೊಟ್ಟು ಹಾಲಿಲ್ಲದ ಹಸುಗೆ ಬ್ಯಾಸಿಗೆಯೆಲ್ಲಾ ಮೇವು ಹಾಕಿದ್ದು ನಿನ್ ಮೀಸೆ ಚೆನ್ನಾಗೈತೆ ಅಂತಾನಾ?"

"ಮೀಸೆ ಸುದ್ದಿಗೆ ಬರಬ್ಯಾಡ. ನಿನ್ ಮಗಳೇ ಲಾ ಓದ್ತಾವಳಲ್ಲ, ಅವಳ್ನೇ ಕೇಳು."

ಇಬ್ಬರೂ ಯಶಸ್ವಿನಿಯತ್ತ ತಿರುಗಿದರು. ಪಾಠದಲ್ಲಿ ಇದೇ ಉದಾಹರಣೆ ಇತ್ತು: ಒಬ್ಬ ತನ್ನ ಹಸುವನ್ನು ಇನ್ನೊಬ್ಬನಿಗೆ ಒಪ್ಪಿಸಿ ಹೋಗುತ್ತಾನೆ, ಅದು ಅಲ್ಲಿ ಕರು ಹಾಕುತ್ತದೆ. ಉತ್ತರವನ್ನು ಅವಳು ಬಾಯಿಪಾಠ ಮಾಡಿದ್ದಳು. ಕರು ಅವಳ ಬೆರಳನ್ನು ಬಾಯಿಗೆಳೆದುಕೊಂಡು ಚೀಪುತ್ತಿತ್ತು.

"ಕರು ಮಾವಂದೇ ಅಮ್ಮ," ಎಂದಳು. "ನೋಡ್ಕೊಳ್ಳೋಕೆ ಅಂತ ಕೊಟ್ಟಿದ್ದರಲ್ಲಿ ಏನೇ ಹುಟ್ಟಿದ್ರೂ ಕೊಟ್ಟೋರಿಗೆ ಸೇರುತ್ತೆ. ಬೇರೆ ಕರಾರು ಆಗಿದ್ರೆ ಮಾತ್ರ..."

"ಇದನ್ನ ಓದೋಕೇನೇ ನಿಂಗೆ ಬಸ್ ಪಾಸ್ ಮಾಡ್ಸಿದ್ದು?" ಮುನಿರತ್ನಮ್ಮ ಕರುವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು.

ಕೊಂಡಪ್ಪನ ಮುಖ ಅರಳಿತು. ಸ್ಕೂಟರಿನ ಡಿಕ್ಕಿಯಿಂದ ನೀಲಿ ಹಗ್ಗ ತೆಗೆದು ಬಂದು ಹಸುವಿನ ಕೊರಳಿಗೆ ಬಿಗಿದ. ಅಲ್ಲಿದ್ದ ಹಗ್ಗವನ್ನು ಬಿಚ್ಚಿ ಮುನಿರತ್ನಮ್ಮನ ಕಡೆ ಎಸೆದು, "ನಿಮ್ ಹಗ್ಗ ನಿಮ್ಗೆ," ಎಂದ.

ಯಶಸ್ವಿನಿ ಆ ನೀಲಿ ಹಗ್ಗವನ್ನೇ ನೋಡಿದಳು. ಹಸು ಬಂದ ದಿನ ಅದರ ಕೊರಳಲ್ಲಿದ್ದದ್ದು ಅದೇ. "ಮಾವ, ಹಸು ಇಲ್ಲಿತ್ತು. ಅದರ ಹಗ್ಗ ನಿಮ್ ಹತ್ರ ಹೆಂಗ್ ಬಂತು?"

"ಬಿಟ್ಟೋದ ದಿನ ಬಿಚ್ಕೊಂಡ್ ಹೋಗಿದ್ನಲ್ಲ," ಎಂದವನ ಕೈ ಗಂಟಿನ ಮೇಲೆ ಹಾಗೆಯೇ ನಿಂತಿತು.

ಆ ಕಡೆಯ ವಾಡಿಕೆ ಮೂವರಿಗೂ ಗೊತ್ತು. ದನವನ್ನು ಮಾರಲಿ, ಪಾಲಿಗೆ ಕೊಡಲಿ, ಕೊಡುವವನು ತನ್ನ ಹಗ್ಗ ಬಿಚ್ಚಿಕೊಳ್ಳುತ್ತಾನೆ, ಪಡೆಯುವವರು ತಮ್ಮದನ್ನು ಕಟ್ಟುತ್ತಾರೆ. ಸುಮ್ಮನೆ ನೋಡಿಕೊಳ್ಳಲು ಬಿಟ್ಟ ದನದ ಕೊರಳಲ್ಲಿ ಒಡೆಯನ ಹಗ್ಗವೇ ಇರುತ್ತದೆ.

"ಆವಾಗ ಅದು ಹೊಸ ಹಗ್ಗ ಕಣವ್ವಾ," ಕೊಂಡಪ್ಪ ತಡವರಿಸಿದ. "ಸಂತೇಲಿ ಬಿಚ್ಚಿ ಬಿಚ್ಚಿ ಅಭ್ಯಾಸ. ಕೈ ತಾನಾಗೇ ಬಿಚ್ಬಿಡ್ತು. ಬಾಯಲ್ಲಿ ಪಾಲು ಅಂದಿದ್ನಾ ನಾನು?"

"ಬಾಯಲ್ಲಿ ಹೇಳಿದ್ರೇನೇ ಕರಾರು ಅಂತಿಲ್ಲ ಮಾವ! ನಡ್ಕೊಂಡ ರೀತೀಲೂ ಕರಾರಾಗುತ್ತೆ!" ಅವಳ ದನಿ ಬೀದಿಗೂ ಕೇಳುವಷ್ಟು ಏರಿತ್ತು. "ನೀವು ನಿಮ್ ಹಗ್ಗ ಬಿಚ್ಚಿದ್ರಿ. ನಿಮ್ ಕಣ್ಣೆದುರಿಗೇ ಅಮ್ಮ ನಮ್ ಹಗ್ಗ ಕಟ್ಟಿದ್ಲು. ನೀವು ಸುಮ್ನಿದ್ರಿ. ಆವತೀಲಿ ಅದಕ್ಕೆ ಏನರ್ಥ? ನೀವೇ ಹೇಳಿ!"

ಕೊಂಡಪ್ಪ ಮೀಸೆ ಸವರಿದ. ಹಸುವನ್ನು ನೋಡಿದ, ಕರುವನ್ನು ನೋಡಿದ. "ಇವಳು ಲಾಯರಾದ್ರೆ ನಾವೆಲ್ಲ ಊರು ಬಿಡ್ಬೇಕು ರತ್ನಮ್ಮ. ಆಯ್ತು, ಕರು ನಿಮ್ದು."

ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮುನಿರತ್ನಮ್ಮನ ಕೈಗೆ ಅಂಟಿದ್ದ ಲೋಳೆಯೆಲ್ಲ ಯಶಸ್ವಿನಿಯ ಕೂದಲಿಗಾಯಿತು.

"ಆದ್ರೆ ಹಸು ನಂದು," ಎಂದ ಕೊಂಡಪ್ಪ. "ಹಸು ನಂದು ಅಂದ್ಮೇಲೆ ಹಾಲೂ ನಂದೇ. ಅಲ್ವೇನಮ್ಮಾ ಲಾಯರಮ್ಮ?"

ಅವನು ಹೇಳಿದ್ದು ಸರಿಯಾಗಿತ್ತು; ಪಾಲಿನಲ್ಲಿ ಸಾಕಿದವರಿಗೆ ಸೇರುವುದು ಮೊದಲ ಕರು ಮಾತ್ರ. ಕೊಂಡಪ್ಪ ಹಗ್ಗ ಜಗ್ಗಿದ. ಹಸು ಕದಲಲಿಲ್ಲ. ಕರು ನಡುಗುವ ಕಾಲುಗಳನ್ನು ಊರಿ ಎದ್ದು, ಒಮ್ಮೆ ಮುಗ್ಗರಿಸಿ, ಅದರ ಕೆಚ್ಚಲಿಗೆ ಮುಖ ಒತ್ತಿತು. ಅದು ಗಿಣ್ಣು ಹಾಲು ಎಳೆಯುವ ಸದ್ದು ಮೂವರಿಗೂ ಕೇಳಿಸಿತು. ಕೊಂಡಪ್ಪ ಹಗ್ಗ ಕೈಬಿಟ್ಟ.

ಯಶಸ್ವಿನಿ ಪರೀಕ್ಷೆ ಬರೆದು ಮನೆಗೆ ಬಂದಳು; ಸಾಯಂಕಾಲ ಟೆಂಪೋ ಬರಲಿಲ್ಲ. ಕರು ಹುಲ್ಲಿಗೆ ಬಾಯಿ ಹಾಕುವ ತನಕ ಕೊಂಡಪ್ಪ ದಿನಾ ಎರಡು ಹೊತ್ತು ಕ್ಯಾನು ಹಿಡಿದು ಮುನಿರತ್ನಮ್ಮನ ಕೊಟ್ಟಿಗೆಗೇ ಬಂದು ಹಾಲು ಕರೆದ. ಮೂರು ಮೊಲೆ ಕರೆದು, ನಾಲ್ಕನೆಯದನ್ನು ಕರುವಿಗೆ ಬಿಟ್ಟು ಏಳುತ್ತಿದ್ದ.